ಬಿಸಿಲಿರುವಾಗಲೇ ಮಾಡಿ ಕೋಬಾಲ್ಟ್ ಕಾಗದ

ಎಲೆ ನೀರಾವಿ ಹೊರಬಿಡುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಕೋಬಾಲ್ಟ್ ಕ್ಲೋರೈಡ್ ಕಾಗದ ಸಾಕು. ಈ ಲವಣದ ಹರಳಿನಲ್ಲಿ ಪ್ರತಿ ಕೋಬಾಲ್ಟ್ ಪರಮಾಣುವಿನ ಪಾಲಿಗೆ 6 ನೀರಿನ ಅಣುಗಳಿದ್ದರೆ ಬಣ್ಣ ಗುಲಾಬಿ. ನೀರು ಹೋದರೆ ನೀಲಿ. ತೇವ ಸಿಕ್ಕರೆ ಮತ್ತೆ ಗುಲಾಬಿ.

ಇದಕ್ಕೆ ಕಲಬುರಗಿಯ ಒಣ ಬೇಸಿಗೆಯೇ ಪ್ರಶಸ್ತ. ಮಳೆಗಾಲದಲ್ಲಿ ಕಾಗದವನ್ನು ಡಬ್ಬಿಯಿಂದ ತೆಗೆದು ಎಲೆಗೆ ಹಚ್ಚುವಷ್ಟರಲ್ಲಿ ಗಾಳಿಯ ತೇವಕ್ಕೇ ಅದು ಕೆಂಪೇರಿರುತ್ತದೆ. ಮೇ ತಿಂಗಳಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿದ್ದಿರುತ್ತದೆ, ನಿಜ. ಹಾಗಾಗಿ ಮಾರ್ಚ್‌ನಲ್ಲೇ ಶಿಕ್ಷಕರ ಬೆನ್ನು ಹತ್ತಿ. ಅವರಿಲ್ಲದೆ ಈ ಲವಣವನ್ನು ಮುಟ್ಟಬೇಡಿ: ಹೊಟ್ಟೆಗೆ ಹೋದರೆ ವಿಷ, ಪುಡಿಯನ್ನು ಉಸಿರಾಡಿದರೆ ಕ್ಯಾನ್ಸರ್‌ನ ಅಪಾಯ. ಕೈಗವಸು, ಮುಖಗವಸು ಎರಡೂ ಇರಲಿ.

ಮೊದಲು 5 ಗ್ರಾಂ ಗುಲಾಬಿ ಹರಳನ್ನು 100 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ಶೋಧಕ ಕಾಗದದ ಪಟ್ಟಿಗಳನ್ನು ಅದರಲ್ಲಿ ಅದ್ದಿ, ಗಾಜಿನ ಮೇಲೆ ಹರಡಿ, ಬಿಸಿಲಿಗಿಡಿ. ಅಂಚಿನಿಂದ ಒಳಕ್ಕೆ ನೀಲಿ ಹಬ್ಬುತ್ತಾ ಬರುತ್ತದೆ. ನಡುವೆ ಗುಲಾಬಿ ಮಚ್ಚೆ ಉಳಿದಿದ್ದರೆ ಇನ್ನೂ ಒಣಗಿಲ್ಲವೆಂದೇ ಅರ್ಥ. ಬೇಗ ಆಗಲೆಂದು ಅಡುಗೆಮನೆಯ ಹಂಚಿನ ಮೇಲೆ ಮಾತ್ರ ಇಡಬೇಡಿ. ಪೂರ್ತಿ ನೀಲಿಯಾದ ಪಟ್ಟಿಗಳನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಗೆ ಹಾಕಿ.

ಇನ್ನು ಪ್ರಯೋಗ. ಚೆನ್ನಾಗಿ ನೀರುಂಡ ದಾಸವಾಳದ ಎಲೆಯನ್ನು ಗಿಡದಲ್ಲೇ ಇಟ್ಟು, ಮೇಲೊಂದು ಕೆಳಗೊಂದು ನೀಲಿ ತುಂಡು ಇರಿಸಿ, ಎರಡು ಗಾಜಿನ ಪಟ್ಟಿಗಳ ನಡುವೆ ಕ್ಲಿಪ್ ಹಾಕಿ. ಎಲೆಯ ಮೈ ಒಣಗಿರಬೇಕು. ತುಂಡನ್ನು ಚಿಮಟದಿಂದಲೇ ಹಿಡಿಯಿರಿ, ಬೆರಳಿನ ಬೆವರಿಗೂ ಅದು ಬಣ್ಣ ಬದಲಿಸುತ್ತದೆ. ಕೆಳಗಿನ ತುಂಡು ಮೊದಲು ಗುಲಾಬಿಯಾಗುತ್ತದೆ, ಏಕೆಂದರೆ ನೀರಾವಿ ಹೊರಹೋಗುವ ಪುಟ್ಟ ತೂತುಗಳು, ಅಂದರೆ ಪತ್ರರಂಧ್ರಗಳು, ಹೆಚ್ಚಾಗಿರುವುದು ಎಲೆಯ ಅಡಿಭಾಗದಲ್ಲಿ. ಎರಡಕ್ಕೂ ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ; ಅದಿಲ್ಲದಿದ್ದರೆ ಇದು ಬರೀ ಬಣ್ಣದಾಟ.

ಆಟವೂ ಹಳೆಯದೇ. ಫ್ರಾನ್ಸಿನ ರಸಾಯನ ವಿಜ್ಞಾನಿ ಝಾನ್ ಎಲೋ 18ನೇ ಶತಮಾನದಲ್ಲೇ ಕೋಬಾಲ್ಟಿನ ಗುಪ್ತ ಶಾಯಿಯನ್ನು ವಿವರಿಸಿದ್ದರು: ತಿಳಿ ದ್ರಾವಣದಲ್ಲಿ ಬರೆದ ಅಕ್ಷರ ಕಾಯಿಸಿದಾಗ ಕಾಣುತ್ತದೆ, ತಣಿದು ತೇವ ಹೀರಿದಾಗ ಅಡಗುತ್ತದೆ. ಸಿಲಿಕಾ ಜೆಲ್‌ನ ನೀಲಿ ಕಾಳುಗಳಲ್ಲಿ ತೇವ ತೋರಿಸುವುದೂ ಇದೇ ಲವಣ. ವಿಷದ ಕಾರಣಕ್ಕೆ ಈಗ ಹಲವೆಡೆ ಕೋಬಾಲ್ಟಿಲ್ಲದ ಕಿತ್ತಳೆ ಕಾಳುಗಳು ಬಂದಿವೆ.

ಉಳಿದ ದ್ರಾವಣವನ್ನು ಚರಂಡಿಗೆ ಸುರಿಯದೆ, ಹೆಸರು ಬರೆದ ಸೀಸೆಗೆ ತುಂಬಿ ಪ್ರಯೋಗಾಲಯಕ್ಕೇ ಒಪ್ಪಿಸಿ. ಬಳಸಿದ ಪಟ್ಟಿಗಳನ್ನು ಎಸೆಯಬೇಕಿಲ್ಲ, ಮತ್ತೆ ಬಿಸಿಲಿಗಿಟ್ಟರೆ ನೀಲಿಯಾಗುತ್ತವೆ.