ಹೆರಿಗೆ ವಾರ್ಡಿನಲ್ಲಿ ಕೊರೊನಾ ತಪಾಸಣೆ: ಬಾಗಿಲಿನಿಂದ ವರದಿಯವರೆಗೆ

ಹೆರಿಗೆಗೆ ಬಂದವರಿಗೆಲ್ಲ ಕೊರೊನಾ ಪರೀಕ್ಷೆ ಮಾಡಲು ಹೊರಟ ಆಸ್ಪತ್ರೆ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಬೇಕು: ವರದಿ ಬರಲಿ, ಬಾರದಿರಲಿ, ಹೆರಿಗೆ ನಿಲ್ಲಕೂಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಿಂದಲೂ ತನ್ನ ಸೂಚನೆಗಳಲ್ಲಿ ಇದನ್ನು ಬರೆದಿದೆ. ಪರೀಕ್ಷೆ ಆಗಿಲ್ಲವೆಂದು ತುರ್ತು ಚಿಕಿತ್ಸೆ ತಡೆಯಬಾರದು, ಪರೀಕ್ಷೆಯ ಸೌಲಭ್ಯ ಇಲ್ಲವೆಂದು ಬೇರೆ ಆಸ್ಪತ್ರೆಗೆ ಸಾಗಹಾಕಬಾರದು. ನವಲಗುಂದದಿಂದಲೋ ಮುಂಡರಗಿಯಿಂದಲೋ ಬ್ಯಾನಿ ತಿನ್ನುತ್ತ ಬಂದ ಹೆಣ್ಣುಮಗಳನ್ನು "ಮೊದಲ ರಿಪೋರ್ಟ್ ತರ್ರಿ" ಎಂದು ಗೇಟಿನಲ್ಲಿ ನಿಲ್ಲಿಸಿದರೆ, ಆ ಹೊತ್ತಿನಲ್ಲಿ ಜೀವಕ್ಕೆ ಎರವಾಗುವುದು ವೈರಸ್ ಅಲ್ಲ. ರಕ್ತಸ್ರಾವ, ಏರಿದ ಬಿಪಿ, ಇಳಿಯುತ್ತಿರುವ ಮಗುವಿನ ಹೃದಯಬಡಿತ. ಯಾರನ್ನು ಯಾವ ಕೋಣೆಯಲ್ಲಿ ಇರಿಸಬೇಕು, ಸಿಬ್ಬಂದಿ ಏನು ಧರಿಸಬೇಕು ಎಂದು ತೀರ್ಮಾನಿಸಲು ಪರೀಕ್ಷೆ ಬೇಕು. ಒಳಗೆ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳಬಾರದು.

ಎಲ್ಲರಿಗೂ ಯಾವಾಗ, ಲಕ್ಷಣ ಇದ್ದವರಿಗೆ ಮಾತ್ರ ಯಾವಾಗ

2020ರ ಮಾರ್ಚ್ 22ರಿಂದ ಏಪ್ರಿಲ್ 4ರವರೆಗೆ ನ್ಯೂಯಾರ್ಕಿನ ಎರಡು ಆಸ್ಪತ್ರೆಗಳಲ್ಲಿ ಹೆರಿಗೆಗೆ ದಾಖಲಾದ 215 ಮಂದಿಯಲ್ಲಿ 33 ಮಂದಿಗೆ ಸೋಂಕು ಕಂಡಿತು. ಅವರಲ್ಲಿ 29 ಮಂದಿಗೆ ದಾಖಲಾಗುವಾಗ ಯಾವ ಲಕ್ಷಣವೂ ಇರಲಿಲ್ಲ. ಬರೀ ಜ್ವರ, ಕೆಮ್ಮು ಕೇಳಿ ಬಿಟ್ಟರೆ ಸಾಲದು ಎಂಬ ತಿಳಿವಳಿಕೆ ಬಲವಾದದ್ದು ಇಂಥ ಲೆಕ್ಕಗಳಿಂದ. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಸೋಂಕು ಹೆಚ್ಚಿದ್ದ ಪ್ರದೇಶಗಳಿಂದ ಬಂದ, 5 ದಿನದೊಳಗೆ ಹೆರಿಗೆಯಾಗಬಹುದಾದ ಗರ್ಭಿಣಿಯರಿಗೆ ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಲು ಸೂಚನೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೆರಿಗೆಗೆ ದಾಖಲಾಗುವ ಎಲ್ಲರಿಗೂ ಅದು ಹಬ್ಬಿತು. 2022ರ ಜನವರಿಯಲ್ಲಿ ಐಸಿಎಂಆರ್ ಇದನ್ನು ಹಿಂದಕ್ಕೆ ತೆಗೆದುಕೊಂಡಿತು: ಲಕ್ಷಣ ಇಲ್ಲದವರಿಗೆ, ವಿಶೇಷ ಕಾರಣ ಇಲ್ಲದ ಹೊರತು, ಪರೀಕ್ಷೆ ಬೇಡ.

ಹಿಂದಕ್ಕೆ ತೆಗೆದದ್ದು ಸರಿಯೇ. ಒಂದು ಲೆಕ್ಕ ಹಾಕಿ ನೋಡಿ. ರ‍್ಯಾಪಿಡ್ ಆಂಟಿಜೆನ್ ಕಾರ್ಡು (ಮೂಗಿನ ಮಾದರಿ ಹಾಕಿ ನಿಮಿಷಗಳಲ್ಲಿ ಫಲಿತಾಂಶ ನೋಡುವ ಕಾರ್ಡು) 100 ಸೋಂಕಿತರಲ್ಲಿ 60 ಮಂದಿಯನ್ನು ಹಿಡಿಯುತ್ತದೆ, ಸೋಂಕಿಲ್ಲದ 1000 ಮಂದಿಯಲ್ಲಿ 7 ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಎಂದುಕೊಳ್ಳೋಣ. ಊರಿನಲ್ಲಿ ಸೋಂಕು ನೂರಕ್ಕೆ 10 ಇದ್ದಾಗ 1000 ಗರ್ಭಿಣಿಯರಲ್ಲಿ 60 ನಿಜವಾದ ಪಾಸಿಟಿವ್, ಸುಮಾರು 6 ಸುಳ್ಳು ಪಾಸಿಟಿವ್ ಸಿಗುತ್ತವೆ. ಸೋಂಕು ನೂರಕ್ಕೆ 1ಕ್ಕೆ ಇಳಿದಾಗ ನಿಜ 6, ಸುಳ್ಳು 7. ಅಂದರೆ ಪಾಸಿಟಿವ್ ಎಂದು ಬೇರೆ ಕೋಣೆಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕೇ ಇಲ್ಲ; ಸೋಂಕಿದ್ದ 4 ಮಂದಿ ಸಾಮಾನ್ಯ ವಾರ್ಡಿನಲ್ಲೇ ಇದ್ದಾರೆ. ಅದಕ್ಕೇ ಸೋಂಕು ತೀರ ಕಡಿಮೆ ಇರುವ ದಿನಗಳಲ್ಲಿ ಲಕ್ಷಣ ಇದ್ದವರಿಗೆ, ಮನೆಯಲ್ಲಿ ಸೋಂಕಿತರು ಇರುವವರಿಗೆ ಮಾತ್ರ ಪರೀಕ್ಷೆ ಮಾಡಿ. ಎಲ್ಲರಿಗೂ ಮಾಡಬೇಕಾದ ಅಲೆ ಬಂದಾಗ ಆ ತೀರ್ಮಾನ ಜಿಲ್ಲಾ ಆರೋಗ್ಯ ಇಲಾಖೆಯಿಂದ ಬರಲಿ. ಒಬ್ಬೊಬ್ಬ ಡಾಕ್ಟರು ತಮಗೆ ತೋಚಿದಂತೆ ಮಾಡಿದರೆ ಒಂದೇ ವಾರ್ಡಿನಲ್ಲಿ ಎರಡು ನಿಯಮವಾಗುತ್ತದೆ.

ಬಾಗಿಲಲ್ಲಿ ಕೇಳುವುದು, ನೋಡುವುದು

ಪ್ರಶ್ನೆಗಳನ್ನು ಜನ ಆಡುವ ಮಾತಿನಲ್ಲೇ ಕೇಳಿ. "ರೋಗಲಕ್ಷಣಗಳಿವೆಯೇ" ಎಂದರೆ "ಇಲ್ರಿ" ಎಂಬ ಉತ್ತರ ಬರುತ್ತದೆ. "ಯವ್ವಾ, ಈ ಎಂಟ್ ದಿನದಾಗ ಜ್ವರ ಏನರ ಬಂದಿತ್ತೇನು? ನೆಗಡಿ, ಕೆಮ್ಮ ಐತೇನು? ದಮ್ಮ ಹತ್ತತೈತೇನು? ಊಟದ ರುಚಿ, ವಾಸನಿ ಗೊತ್ತಾಗತೈತಿಲ್ಲೋ?" ಎಂದು ಒಂದೊಂದಾಗಿ ಕೇಳಿದರೆ ನಿಜ ಹೊರಬೀಳುತ್ತದೆ. ಅತ್ತೆ, ಗಂಡ ಎದುರಿಗಿದ್ದರೆ ಅನೇಕರು ಬಾಯಿ ಬಿಡುವುದಿಲ್ಲ. ಎರಡು ನಿಮಿಷ ಒಬ್ಬರನ್ನೇ ಕೂರಿಸಿ ಕೇಳಿ. ನಮ್ಮ ಭಾಗದಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ವಾಡಿಕೆ. ಯಾವ ಊರಿನಿಂದ ಬಂದರು, ಇತ್ತೀಚೆಗೆ ಕುಬಸವೋ (ಸೀಮಂತ) ಮದುವೆಯೋ ಆಗಿ ಜನ ಸೇರಿದ್ದರೇ ಎಂಬುದನ್ನೂ ಬರೆದುಕೊಳ್ಳಿ. ಜೊತೆಗೆ ಉಳಿಯುವ ಒಬ್ಬ ಹೆಣ್ಣುಮಗಳಿಗೂ ಇದೇ ಪ್ರಶ್ನೆಗಳು. ಆಕೆಯನ್ನು ಬಿಟ್ಟರೆ ತಪಾಸಣೆ ಅರ್ಧವೇ ಆದಂತೆ.

ಆಮೇಲೆ ಜ್ವರ, ಒಂದು ನಿಮಿಷದ ಉಸಿರಾಟದ ಎಣಿಕೆ, ಪಲ್ಸ್ ಆಕ್ಸಿಮೀಟರ್. ಗರ್ಭಿಣಿಯಲ್ಲಿ ಆಮ್ಲಜನಕದ ಪ್ರಮಾಣ 95ಕ್ಕಿಂತ ಕೆಳಗಿಳಿದರೆ ತಕ್ಷಣ ಡಾಕ್ಟರನ್ನು ಕರೆಯಿರಿ. ಬೇರೆಯವರಿಗೆ ನಡೆಯುವ 93 ಇಲ್ಲಿ ನಡೆಯುವುದಿಲ್ಲ. ಉಸಿರಾಟ ನಿಮಿಷಕ್ಕೆ 24 ಮೀರಿದರೂ ಅಷ್ಟೇ, ಆದರೆ ನೋವು ಇಲ್ಲದ ನಡುವಿನ ಹೊತ್ತಿನಲ್ಲಿ ಎಣಿಸಿ. ಉಗುರಿಗೆ ಬಣ್ಣ, ಬೆರಳ ತುದಿಗೆ ದಟ್ಟ ಮದರಂಗಿ ಇದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಬಣ್ಣ ಇಲ್ಲದ ಬೆರಳು ಹುಡುಕಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನೆಲೆ ನಿಲ್ಲುವವರೆಗೆ ಕಾಯಿರಿ.

ಗರ್ಭಿಣಿಯ ದೇಹವೇ ಹಲವು ಕಡೆ ದಾರಿ ತಪ್ಪಿಸುತ್ತದೆ. ತುಂಬು ತಿಂಗಳಲ್ಲಿ ದಮ್ಮು ಸಹಜ, ರಕ್ತಹೀನತೆ ಇದ್ದರೆ ಇನ್ನೂ ಹೆಚ್ಚು. ನೀರು ಒಡೆದು ಬಹಳ ಹೊತ್ತಾಗಿದ್ದರೆ ಜ್ವರಕ್ಕೆ ಗರ್ಭಕೋಶದ ಸೋಂಕು ಕಾರಣವಿರಬಹುದು. ಕೊರೊನಾ ವರದಿಗೆ ಕಾಯುತ್ತ ಆಂಟಿಬಯಾಟಿಕ್ ತಡ ಮಾಡಬೇಡಿ. ಪ್ಲೇಟ್‌ಲೆಟ್ ಇಳಿದು ಲಿವರ್ ಎನ್‌ಜೈಮ್ ಏರಿದರೆ ಕೊರೊನಾ ಎನ್ನುವ ಮೊದಲು ಬಿಪಿ ನೋಡಿ, ಮೂತ್ರದಲ್ಲಿ ಪ್ರೋಟೀನ್ ನೋಡಿ; ಗರ್ಭಿಣಿಯರಲ್ಲಿ ಬಿಪಿ ಏರುವ ಕಾಯಿಲೆಯಲ್ಲೂ ಹೀಗಾಗಬಹುದು. ರಕ್ತ ಹೆಪ್ಪುಗಟ್ಟುವುದರ ಸುಳಿವು ಕೊಡುವ ಡಿ-ಡೈಮರ್ ಗರ್ಭಿಣಿಯರಲ್ಲಿ ತಾನೇ ಏರಿರುತ್ತದೆ, ಅದೊಂದನ್ನೇ ನಂಬಬಾರದು.

ಸ್ವ್ಯಾಬ್ ತೆಗೆಯುವ ಬಗೆ

ಮಾದರಿ ಸರಿಯಿಲ್ಲದಿದ್ದರೆ ಎಂಥ ಲ್ಯಾಬ್ ಇದ್ದರೂ ವರದಿ ಸುಳ್ಳು. ಇಲ್ಲಿ ಅವಸರ ಬೇಡ. ಕಿಟಕಿ ತೆರೆದ ಕೋಣೆ ಅಥವಾ ಗಾಳಿಯಾಡುವ ಪಡಸಾಲೆ ಒಳ್ಳೆಯದು. ತೆಗೆಯುವವರಿಗೆ ಎನ್95 ಮಾಸ್ಕ್, ಮುಖಕ್ಕೆ ಶೀಲ್ಡ್, ಗೌನ್, ಪ್ರತಿಯೊಬ್ಬರಿಗೂ ಹೊಸ ಗ್ಲೌಸ್. ಗರ್ಭಿಣಿಯನ್ನು ಅಂಗಾತ ಮಲಗಿಸಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಬಿಪಿ ಇಳಿದು ತಲೆ ಸುತ್ತುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ತಲೆಯ ಹಿಂಭಾಗಕ್ಕೂ ಆಸರೆ ಕೊಡಿ. ಬ್ಯಾನಿ ಬಂದು ಇಳಿದ ಮೇಲೆ ಸಿಗುವ ಬಿಡುವಿನಲ್ಲಿ ಮಾಡಿ. ನೋವಿನ ಉತ್ತುಂಗದಲ್ಲಿ ಮೂಗಿಗೆ ಕಡ್ಡಿ ಹಾಕುವುದು ಕ್ರೌರ್ಯ, ಮಾದರಿಯೂ ಸಿಗುವುದಿಲ್ಲ.

ತುಂಬು ಗರ್ಭದಲ್ಲಿ ಮೂಗಿನ ಒಳಪೊರೆ ಊದಿರುತ್ತದೆ, ಬೇಗ ರಕ್ತ ಬರುತ್ತದೆ. ಮೂಗು ಸೀನಿಸಿ, ಯಾವ ಹೊಳ್ಳೆಯಲ್ಲಿ ಉಸಿರು ಸಲೀಸಾಗಿ ಆಡುತ್ತದೆ ಎಂದು ಕೇಳಿ ಅದನ್ನೇ ಆರಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಅಥವಾ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಸ್ವ್ಯಾಬ್ ಕಡ್ಡಿ ಮೇಲ್ಮುಖವಾಗಿ ಹೋಗಬಾರದು. ಮೂಗಿನ ನೆಲಕ್ಕೆ ಸಮಾನಾಂತರವಾಗಿ, ಕಿವಿಯ ಕಡೆಗೆ ಗುರಿಯಿಟ್ಟು ಮೆಲ್ಲಗೆ ಸರಿಸಿ. ಮೂಗಿನ ಹೊಳ್ಳೆಯಿಂದ ಕಿವಿಯವರೆಗಿನ ದೂರದ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಿ ತಡೆ ಸಿಗಬೇಕು. ಅಲ್ಲಿ ಕೆಲವು ಸೆಕೆಂಡ್ ಹಿಡಿದು, ತಿರುಗಿಸುತ್ತ ಹೊರತೆಗೆಯಿರಿ. ನಡುವೆಯೇ ಗಟ್ಟಿ ತಡೆ ಸಿಕ್ಕರೆ ಒತ್ತಬೇಡಿ, ಇನ್ನೊಂದು ಹೊಳ್ಳೆಗೆ ಹೋಗಿ. ಗಂಟಲ ಸ್ವ್ಯಾಬ್‌ನಲ್ಲಿ ನಾಲಿಗೆ ಮುಟ್ಟದಂತೆ ಹಿಂದಿನ ಗೋಡೆ, ಟಾನ್ಸಿಲ್ ಸವರಿ. ಹೆರಿಗೆ ನೋವಿನಲ್ಲಿ ವಾಂತಿ ಬೇಗ ಬರುವುದರಿಂದ ಪಕ್ಕದಲ್ಲಿ ಕಿಡ್ನಿ ಟ್ರೇ ಇರಲಿ.

ಆರ್‌ಟಿ-ಪಿಸಿಆರ್‌ಗೆ (ಲ್ಯಾಬಿನಲ್ಲಿ ವೈರಸ್ಸಿನ ಗುರುತು ಹುಡುಕುವ ಪರೀಕ್ಷೆ) ಪಾಲಿಯೆಸ್ಟರ್ ತುದಿಯ, ಪ್ಲಾಸ್ಟಿಕ್ ಕಡ್ಡಿಯ ಸ್ವ್ಯಾಬ್ ಬೇಕು. ಮರದ ಕಡ್ಡಿಯ ಹತ್ತಿ ಪರೀಕ್ಷೆಯನ್ನೇ ಕೆಡಿಸಬಹುದು. ಎರಡೂ ಸ್ವ್ಯಾಬ್ ಒಂದೇ ವಿಟಿಎಂ (ವೈರಸ್ ಕೆಡದಂತೆ ಸಾಗಿಸುವ ದ್ರವ) ಟ್ಯೂಬಿಗೆ ಹಾಕಿ, ಗುರುತಿನ ಗೆರೆಯಲ್ಲಿ ಮುರಿಯಿರಿ. ಕಡ್ಡಿ ಉದ್ದ ಉಳಿದರೆ ಮುಚ್ಚಳ ಕೂರದೆ ಸೋರುತ್ತದೆ, ಲ್ಯಾಬ್ ವಾಪಸ್ ಕಳಿಸುತ್ತದೆ. ಗುಲಾಬಿ ಬಣ್ಣದ ವಿಟಿಎಂ ದ್ರವ ಹಳದಿಗೆ ತಿರುಗಿದ್ದರೆ ಆ ಟ್ಯೂಬ್ ಎಸೆಯಿರಿ. ಮಾದರಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ, 72 ಗಂಟೆಯೊಳಗೆ ಲ್ಯಾಬ್ ಮುಟ್ಟಲಿ.

ರ‍್ಯಾಪಿಡ್ ಕಾರ್ಡು ಮತ್ತು ನಮ್ಮ ಬಿಸಿಲು

ಆಂಟಿಜೆನ್ ಕಿಟ್ಟುಗಳನ್ನು ಸಾಮಾನ್ಯವಾಗಿ 2ರಿಂದ 30 ಡಿಗ್ರಿಯಲ್ಲಿ ಇಡಬೇಕು. ಗದಗ, ರೋಣದ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಪೆಟ್ಟಿಗೆ ಇಟ್ಟರೆ ಆ ಮಿತಿ ಮಧ್ಯಾಹ್ನಕ್ಕೇ ದಾಟಿರುತ್ತದೆ. ಅವತ್ತಿಗೆ ಬೇಕಾದಷ್ಟನ್ನೇ ಹೊರಗಿಟ್ಟು, ಉಳಿದದ್ದನ್ನು ತಂಪು ಕೋಣೆಯಲ್ಲಿ ಥರ್ಮಾಮೀಟರ್ ಜೊತೆಗೆ ಇಡಿ. ಫ್ರಿಡ್ಜಿನಿಂದ ತೆಗೆದ ಕಾರ್ಡನ್ನು ಪೊಟ್ಟಣ ಹರಿಯದೆಯೇ ಕೋಣೆಯ ಬಿಸಿಗೆ ಬರುವವರೆಗೆ ಬಿಡಿ, ಇಲ್ಲವಾದರೆ ತೇವ ಕೂರುತ್ತದೆ. ಸ್ವ್ಯಾಬನ್ನು ಕಿಟ್ಟಿನ ಟ್ಯೂಬಿನಲ್ಲೇ ಅದ್ದಬೇಕು, ವಿಟಿಎಂನಲ್ಲಿ ಅಲ್ಲ. ದ್ರವದೊಳಗೆ ಕನಿಷ್ಠ ಐದು ಸುತ್ತು ತಿರುಗಿಸಿ, ಟ್ಯೂಬಿನ ಬದಿ ಹಿಂಡುತ್ತ ಹೊರಗೆಳೆದು, ಕಿಟ್ಟಿನಲ್ಲಿ ಹೇಳಿದಷ್ಟು ಹನಿ ಹಾಕಿ. ಬಹುತೇಕ ಕಿಟ್ಟುಗಳಲ್ಲಿ 15 ನಿಮಿಷಕ್ಕೆ ನೋಡಬೇಕು, 30 ನಿಮಿಷ ದಾಟಿದ ಮೇಲೆ ನೋಡಬಾರದು. ತಡವಾಗಿ ಮೂಡುವ ಮಸುಕು ಗೆರೆಗೆ ಅರ್ಥವಿಲ್ಲ. ಸಮಯದೊಳಗೆ ಮೂಡಿದ 'ಟಿ' ಗೆರೆ ಮಸುಕಾಗಿದ್ದರೂ ಪಾಸಿಟಿವ್ವೇ. ಕಾರ್ಡು ಸರಿಯಿದೆ ಎಂದು ತೋರಿಸುವ 'ಸಿ' ಗೆರೆ ಮೂಡದಿದ್ದರೆ ಕಾರ್ಡು ಕೆಟ್ಟಿದೆ, ಹೊಸದು ತೆಗೆಯಿರಿ. ಹನಿ ಹಾಕಿದ ಸಮಯವನ್ನು ಕಾರ್ಡಿನ ಮೇಲೆಯೇ ಪೆನ್ನಿನಿಂದ ಬರೆಯದಿದ್ದರೆ, ಗದ್ದಲದ ರಾತ್ರಿ ಪಾಳಿಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಲಕ್ಷಣ ಇದ್ದೂ ಕಾರ್ಡು ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಲೇಬೇಕು. ಮುಂಚೆಯೇ ನಿಗದಿಯಾದ ಸಿಸೇರಿಯನ್ ಇದ್ದು ಪರೀಕ್ಷೆ ಬೇಕಾದರೆ 48ರಿಂದ 72 ಗಂಟೆ ಮೊದಲು ಮಾದರಿ ಕಳಿಸಿ, ವರದಿ ಕೈಗೆ ಬರಲು ಅವಕಾಶ ಇರುತ್ತದೆ.

ಹೆಸರು, ಫೋನು, ತಾಯಿ ಕಾರ್ಡು

ವರದಿ ಕಳೆದುಹೋಗುವುದು ಹೆಚ್ಚಾಗಿ ಇಲ್ಲಿ. ತಾಯಿ ಕಾರ್ಡಿನಲ್ಲಿ ಗಂಡನ ಹೆಸರು, ಆಧಾರಿನಲ್ಲಿ ತಂದೆಯ ಹೆಸರು, ಮಾದರಿಯ ಫಾರ್ಮಿನಲ್ಲಿ ತವರಿನ ಅಡ್ಡಹೆಸರು ಇದ್ದರೆ ಮೂರೂ ಒಬ್ಬರವೇ ಎಂದು ಲ್ಯಾಬಿಗೆ ತಿಳಿಯುವುದಿಲ್ಲ. ಒಂದೇ ದಾಖಲೆ ಹಿಡಿದು ಕಾಗುಣಿತ ನೋಡಿ ಬರೆಯಿರಿ. ಟ್ಯೂಬಿಗೆ ಮಾದರಿ ತೆಗೆಯುವ ಮೊದಲೇ ಚೀಟಿ ಅಂಟಿಸಿ, ಮುಚ್ಚಳಕ್ಕಲ್ಲ, ಟ್ಯೂಬಿನ ಮೈಗೆ. ಫೋನ್ ನಂಬರ್ ಎರಡು ಬೇಕು: ಗಂಡನದೊಂದು, ಈಗ ಇರುವ ಮನೆಯದೊಂದು. ಗಂಡ ಬೆಂಗಳೂರಿನಲ್ಲೋ ಗೋವಾದಲ್ಲೋ ದುಡಿಯುತ್ತಿದ್ದರೆ ಫೋನು ಅಲ್ಲಿ ರಿಂಗಾಗುತ್ತದೆ, ಬಾಣಂತಿ ಬ್ಯಾಡಗಿಯಲ್ಲಿರುತ್ತಾರೆ. ವಿಳಾಸವೂ ಬಾಣಂತನ ಆಗುವ ಊರಿನದೇ ಇರಲಿ, ಆಗ ಅಲ್ಲಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟುತ್ತದೆ.

ವರದಿ ಬರುವ ತನಕ, ಬಂದ ಮೇಲೆ

ವರದಿ ಬಾರದವರನ್ನು ಪಾಸಿಟಿವ್ ಬಂದವರ ಕೋಣೆಗೆ ಕಳಿಸಬೇಡಿ. ಸೋಂಕಿಲ್ಲದಿದ್ದರೆ ಅಲ್ಲಿ ತಗಲುತ್ತದೆ. ಮಂಚಗಳ ನಡುವೆ 2 ಮೀಟರ್ ಬಿಟ್ಟು, ಕಿಟಕಿ ತೆರೆದು, ಮಾಸ್ಕ್ ಕೊಟ್ಟು ಬೇರೆ ಜಾಗದಲ್ಲಿಡಿ. ಮುಕ್ಕಿರಿಯುವ ಹೊತ್ತಿನಲ್ಲಿ ಜೋರು ಉಸಿರು, ಕೂಗು ಸಹಜ. ತಾಯಿಗೆ ಮಾಸ್ಕ್ ಒತ್ತಾಯ ಮಾಡಬೇಡಿ, ಸಿಬ್ಬಂದಿ ಎನ್95 ಹಾಕಿಕೊಳ್ಳಿ.

ಮೇಜು, ನೆಲ ಒರೆಸಲು ನೂರಕ್ಕೆ 1ರ ಹೈಪೋಕ್ಲೋರೈಟ್ ದ್ರಾವಣ: 5 ಪ್ರತಿಶತದ ದ್ರವ 1 ಪಾಲು, ನೀರು 4 ಪಾಲು. ಬ್ಲೀಚಿಂಗ್ ಪೌಡರಿನಲ್ಲಿ 33 ಪ್ರತಿಶತ ಕ್ಲೋರಿನ್ ಇದ್ದರೆ ಲೀಟರಿಗೆ 30 ಗ್ರಾಂ. ದಿನಾ ಹೊಸದು ಮಾಡಿ. ರಕ್ತ ಒರೆಸಿ ತೆಗೆದ ಮೇಲೆ ಹಾಕಿ, 10 ನಿಮಿಷ ಹಸಿಯಾಗಿಯೇ ಬಿಡಿ. ಲೋಹದ ಸಾಮಾನಿಗೆ ಇದು ಬೇಡ, ತುಕ್ಕು ಹಿಡಿಯುತ್ತದೆ. 70 ಪ್ರತಿಶತ ಆಲ್ಕೋಹಾಲ್ ಬಳಸಿ. ಸ್ವ್ಯಾಬ್, ಕಾರ್ಡು ಎರಡು ಪದರದ ಹಳದಿ ಚೀಲಕ್ಕೆ.

ಪಾಸಿಟಿವ್ ಬಂದರೆ ಮೊದಲು ತಾಯಿಗೇ ತಿಳಿಸಿ, ವಾರ್ಡಿನ ನಡುವೆ ಕೂಗಿ ಹೇಳಬೇಡಿ. ಪಾಸಿಟಿವ್ ಎಂಬ ಕಾರಣಕ್ಕೆ ಸಿಸೇರಿಯನ್ ಮಾಡಬೇಕಿಲ್ಲ, ಮಗುವನ್ನು ಬೇರೆ ಇಡಬೇಕಿಲ್ಲ. ತಾಯಿ ಮಾಸ್ಕ್ ಹಾಕಿ, ಸೋಪಿನಿಂದ ಕೈ ತೊಳೆದು ಎದೆಹಾಲು ಕುಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. "ಹಾಲಿನ್ಯಾಗ ರೋಗ ಹೋಗತೈತಿ" ಎಂದು ಹಿರಿಯರು ಬಾಟಲಿ ಹಿಡಿದು ಬಂದಾಗ ನರ್ಸಮ್ಮ ಪಕ್ಕದಲ್ಲಿ ಕೂತು ಮೊದಲ ಸಲ ಮೊಲೆಗೆ ಹಚ್ಚಿಸಿದರೆ ಉಳಿದದ್ದು ತಾನೇ ನಡೆಯುತ್ತದೆ. ಗುಣವಾದ ಮೇಲೆ 90 ದಿನದೊಳಗೆ, ಹೊಸ ಲಕ್ಷಣ ಇಲ್ಲದಿದ್ದರೆ, ಆರ್‌ಟಿ-ಪಿಸಿಆರ್ ಮತ್ತೆ ಮಾಡಬೇಡಿ. ಸತ್ತ ವೈರಸ್ಸಿನ ತುಣುಕುಗಳನ್ನೂ ಅದು ಹಿಡಿಯುವುದರಿಂದ ವಾರಗಟ್ಟಲೆ ಪಾಸಿಟಿವ್ ಬರಬಹುದು, ಬಾಣಂತಿ ಸುಮ್ಮನೆ ಮತ್ತೆ ಪ್ರತ್ಯೇಕ ಕೋಣೆ ಸೇರಬೇಕಾಗುತ್ತದೆ. ಹಳೆಯ ಪಾಸಿಟಿವ್ ವರದಿಯ ದಿನಾಂಕವನ್ನು ತಾಯಿ ಕಾರ್ಡಿನಲ್ಲೇ ಬರೆದು ಕಳಿಸಿ, ಮುಂದೆ ನೋಡುವವರಿಗೆ ಅದು ಬೇಕಾಗುತ್ತದೆ.