ರಸ್ತೆಯ ಮ್ಯಾನ್‌ಹೋಲ್‌ನಿಂದ ಮನೆಯ ಕಡೆಗೆ ಅಳೆದೆ

ಪಾಯ ಅಗೆಯುವುದಕ್ಕೂ ಮುಂಚೆ ನಾನು ಅಳೆದದ್ದು ರಸ್ತೆಯ ಒಳಚರಂಡಿ ಮ್ಯಾನ್‌ಹೋಲ್‌ನ ಆಳವನ್ನು. ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ನಮ್ಮದು ಮೂವತ್ತು ನಲವತ್ತರ ನಿವೇಶನ. ಗುತ್ತಿಗೆಗೆ ಕೊಡದೆ, ಮೇಸ್ತ್ರಿಯನ್ನು ದಿನಗೂಲಿಗೆ ಇಟ್ಟುಕೊಂಡು ನಾವೇ ನಿಂತು ಕಟ್ಟಿಸಿದ ಮನೆ ಅದು. ಮನೆಯಂಗಳದ ಒಳಗಿನ ಚರಂಡಿ ಕೆಲಸದಲ್ಲಂತೂ ಮಣ್ಣು ಅಗೆದದ್ದೊಂದನ್ನು ಬಿಟ್ಟರೆ ಉಳಿದದ್ದರಲ್ಲೆಲ್ಲ ನನ್ನ ಕೈ ಇದೆ.

"ಪೈಪಿನ ವಿಷಯ ಕೊನೆಗೆ ನೋಡಿಕೊಳ್ಳೋಣ ಸಾರ್, ಮೊದಲು ಪಾಯ ಮೇಲೇಳಲಿ" ಎಂದು ಮೇಸ್ತ್ರಿ ಹೇಳಿದರು. ನಾನು ಒಪ್ಪಲಿಲ್ಲ. ನಮ್ಮ ಅಕ್ಕನ ಮನೆಯಲ್ಲಿ ಹಾಗೆ ಕೊನೆಗೆ ನೋಡಿಕೊಂಡಿದ್ದರು. ಗೋಡೆ, ಟೈಲ್ಸ್ ಎಲ್ಲ ಮುಗಿದ ಮೇಲೆ ಗೊತ್ತಾದದ್ದು, ಬಚ್ಚಲಿನ ನೆಲ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ತಗ್ಗಿನಲ್ಲಿದೆ ಎಂದು. ರಸ್ತೆಯ ಕೊಳವೆ ಕಟ್ಟಿಕೊಂಡರೆ ಒಳಗಿನ ನೀರು ಎಲ್ಲಿ ಎಲ್ಲಕ್ಕಿಂತ ತಗ್ಗಾದ ಬಾಯಿ ಸಿಗುತ್ತದೋ ಅಲ್ಲಿ ಹೊರಬರುತ್ತದೆ. ಒಂದು ಮಳೆಗಾಲದ ರಾತ್ರಿ ಅಕ್ಕ ಸೆರಗು ಸಿಕ್ಕಿಸಿಕೊಂಡು, ನಡುಮನೆಗೆ ಬಂದ ಕೊಳಚೆಯನ್ನು ಬಕೆಟ್ಟಿನಲ್ಲಿ ತೋಡಿ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪಾಲಿಕೆಯ ಸಿಬ್ಬಂದಿ ಬಂದು ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟರು. ಮೇಲಿನಿಂದಲೇ ಬಿದಿರಿನ ಗಳ ಇಳಿಸಿ ಅಳೆದೆವು. ರಸ್ತೆಯ ಮಟ್ಟದಿಂದ ಕೊಳವೆಯ ತಳಕ್ಕೆ 45 ಇಂಚು. ಒಳಗಿದ್ದದ್ದು 9 ಇಂಚಿನ ಹಳೆಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಕೊಳವೆ. ಮನೆಯ ಪೈಪು ಅದರ ನೆತ್ತಿಗಿಂತ ಮೇಲೆ ಬಂದು ಸೇರಬೇಕು, ಇಲ್ಲದಿದ್ದರೆ ರಸ್ತೆಯ ಹರಿವು ತುಂಬಿದಾಗೆಲ್ಲ ನಮ್ಮ ಪೈಪಿಗೆ ನುಗ್ಗುತ್ತದೆ. ಹಾಗಾಗಿ ನನಗೆ ಸಿಕ್ಕಿದ ಆಳ 36 ಇಂಚು ಮಾತ್ರ.

ಇನ್ನು ನಿವೇಶನದ ಮಟ್ಟ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಒಂದು ತುದಿಯನ್ನು ರಸ್ತೆಯಲ್ಲಿ ನಾನು ಹಿಡಿದೆ, ಇನ್ನೊಂದನ್ನು ಹಿತ್ತಲಲ್ಲಿ ನನ್ನ ಹೆಂಡತಿ ಹಿಡಿದಳು. ಮೊದಲ ಸಲ ಅಳತೆ ಕೂಡಲಿಲ್ಲ. "ರೀ, ಟ್ಯೂಬಿನ ನಡುವೆ ಗುಳ್ಳೆ ನಿಂತಿದೆ, ಬೆರಳಿನಿಂದ ತಟ್ಟಿ" ಎಂದು ಅವಳೇ ಕಂಡುಹಿಡಿದಳು. ಹೆಸರುಕಾಳಿನಷ್ಟು ದೊಡ್ಡ ಗುಳ್ಳೆಗಳು ಒಂದರ ಹಿಂದೊಂದು ಸರಿದು ತುದಿಗೆ ಬಂದು ಒಡೆದ ಮೇಲೆ ಎರಡೂ ಕಡೆ ನೀರು ಅಲುಗಾಡದೆ ನಿಂತಿತು. ನಮ್ಮ ನೆಲ ರಸ್ತೆಗಿಂತ 9 ಇಂಚು ತಗ್ಗಿನಲ್ಲಿತ್ತು.

ಇಳಿಜಾರಿಗೆ ಹಳೆಯ ಲೆಕ್ಕವೊಂದಿದೆ. ಪೈಪಿನ ಇಂಚಿನ ಮುಂದೆ ಒಂದು ಸೊನ್ನೆ ಹಾಕಿಕೊಳ್ಳಬೇಕು: 4 ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ, 6 ಇಂಚಿನದಕ್ಕೆ 60 ಅಡಿಗೆ ಒಂದು ಅಡಿ. ಹಿಂಬದಿಯ ಶೌಚಾಲಯದಿಂದ ಪಕ್ಕದ ಓಣಿಯಲ್ಲಿ ಸುತ್ತಿ ಗೇಟಿನ ಬಳಿಯ ಕೊನೆಯ ಚೇಂಬರ್‌ವರೆಗೆ (ಪೈಪುಗಳು ಕೂಡುವ, ಮುಚ್ಚಳವಿರುವ ಚಿಕ್ಕ ತೊಟ್ಟಿಯವರೆಗೆ) 46 ಅಡಿ, 4 ಇಂಚಿನ ಪೈಪು, ಇಳಿತ ಸುಮಾರು 14 ಇಂಚು. ಅಲ್ಲಿಂದ ಮ್ಯಾನ್‌ಹೋಲ್‌ಗೆ 22 ಅಡಿ, 6 ಇಂಚಿನ ಪೈಪು, ನಾಲ್ಕೂವರೆ ಇಂಚು. ನಾಲ್ಕು ಚೇಂಬರ್‌ಗಳಲ್ಲಿ ತಲಾ ಒಂದು ಇಂಚು. ಹಿತ್ತಲಿನ ಮೊದಲ ಪೈಪಿನ ತಳವೇ ನೆಲದಿಂದ 18 ಇಂಚು ಕೆಳಗೆ. ಎಲ್ಲ ಕೂಡಿದರೆ ನಲವತ್ತೂವರೆ ಇಂಚು ಬೇಕು. ನೆಲ ಇದ್ದ ಹಾಗೇ ಇದ್ದಿದ್ದರೆ ನನ್ನ ಬಳಿ ಇದ್ದದ್ದು 36ರಲ್ಲಿ ಆ 9 ಕಳೆದು 27. ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದಾಗ ಮೇಸ್ತ್ರಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಮಣ್ಣು ಹೊಡೆಸೋಣ ಸಾರ್" ಎಂದರು. ಇಡೀ ನಿವೇಶನವನ್ನು 15 ಇಂಚು ಎತ್ತರಿಸಿದೆವು. ಅಂಗಳ ರಸ್ತೆಗಿಂತ ಅರ್ಧ ಅಡಿ ಮೇಲೆ ಬಂತು, ಮನೆಯ ನೆಲ ಅದಕ್ಕೂ ಒಂದೂವರೆ ಅಡಿ ಮೇಲೆ. ಹದಿನೆಂಟು ಟ್ರ್ಯಾಕ್ಟರ್ ಮಣ್ಣಿನ ಖರ್ಚು ಬಿತ್ತು. ಗೋಡೆ ಎದ್ದ ಮೇಲೆ ಇದು ಗೊತ್ತಾಗಿದ್ದರೆ ಯಾವ ಖರ್ಚಿನಿಂದಲೂ ಸರಿಹೋಗುತ್ತಿರಲಿಲ್ಲ.

ಪೈಪು ಇಡುವಾಗ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಐದು ಅಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ. ಅದರ ಒಂದು ತುದಿಯ ಅಡಿಗೆ ಒಂದೂವರೆ ಇಂಚು ದಪ್ಪದ ಮರದ ತುಂಡು ಕಟ್ಟಿದೆ. ತುಂಡಿರುವ ತುದಿ ತಗ್ಗಿನ ಕಡೆಗೆ ಬರುವಂತೆ ಪೈಪಿನ ಮೇಲಿಟ್ಟು, ಮೇಲೆ ರಸಮಟ್ಟ ಇಡುವುದು. ಗುಳ್ಳೆ ನಡುವೆ ನಿಂತರೆ ಇಳಿಜಾರು ನಲವತ್ತಕ್ಕೆ ಒಂದು. ರಸ್ತೆಯ ಪೈಪಿಗೆ ಒಂದು ಇಂಚಿನ ತುಂಡು ಹಾಕಿಕೊಂಡರೆ ಅರವತ್ತಕ್ಕೆ ಒಂದು. ಕಣ್ಣಳತೆಯಲ್ಲಿ ಸರಿಯಾಗಿ ಕಂಡ ಪೈಪು ಎರಡು ಕಡೆ ಮಟ್ಟವಾಗಿಯೇ ಕೂತಿದ್ದನ್ನು ಈ ಪಟ್ಟಿ ಹಿಡಿದುಕೊಟ್ಟಿತು. ತಗ್ಗಿನ ತುದಿಯಿಂದ ಶುರುಮಾಡಿ ಮೇಲಕ್ಕೆ ಬಂದೆವು, ಸಾಕೆಟ್ಟಿನ (ಇನ್ನೊಂದು ಪೈಪು ಒಳಗೆ ಕೂರುವ ಅಗಲ ತುದಿಯ) ಬಾಯಿ ನೀರು ಬರುವ ಕಡೆಗೆ. ಅಡಿಯಲ್ಲಿ ನಾಲ್ಕು ಇಂಚು ಮರಳು. ಸಾಕೆಟ್ಟು ಕೂರುವ ಕಡೆ ಮರಳನ್ನು ಕೈಯಿಂದ ಗೋರಿದರೆ ಪೈಪು ಉದ್ದಕ್ಕೂ ಒರಗಿ ಕೂರುತ್ತದೆ.

ಇಲ್ಲೊಂದು ತಪ್ಪು ಮಾಡಿದೆ. ಪಕ್ಕದ ಓಣಿಯ ಪೈಪನ್ನೆಲ್ಲ ಜೋಡಿಸಿ, ಕಸ ಹೋಗದಿರಲಿ ಎಂದು ಎರಡೂ ತುದಿಗೆ ಮುಚ್ಚಳ ಹಾಕಿ, ಮಣ್ಣು ಮುಚ್ಚದೆ ಮನೆಗೆ ಹೋದೆ. ರಾತ್ರಿ ಮಳೆ ಹುಯ್ದು ಪೈಪಿಗಾಗಿ ಅಗೆದಿದ್ದ ಕಾಲುವೆ ತುಂಬಿತು. ಒಳಗೆ ಬರೀ ಗಾಳಿಯಿದ್ದ ಪೈಪು ತೇಲಿತು. ಬೆಳಿಗ್ಗೆ ಬಂದು ನೋಡಿದರೆ ನಡುಭಾಗ ಬಿಲ್ಲಿನಂತೆ ಮೇಲೆದ್ದಿದೆ, ಅಡಿಗೆ ಕೆಸರು ಸೇರಿಕೊಂಡಿದೆ. ಎರಡು ದಿನದ ಕೆಲಸವನ್ನು ಬಿಚ್ಚಿ ಮತ್ತೆ ಮಾಡಬೇಕಾಯಿತು. ಕೀಲುಗಳನ್ನಷ್ಟೇ ತೆರೆದಿಟ್ಟು, ಪೈಪಿನ ನಡುವೆ ಅದೇ ಸಂಜೆ ಮಣ್ಣು ಹೇರಿದ್ದರೆ ಸಾಕಿತ್ತು.

ಮಣ್ಣು ಪೂರ್ತಿ ಮುಚ್ಚುವ ಮೊದಲು ತಗ್ಗಿನ ತುದಿಯನ್ನು ಬಿಗಿದು ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟೆವು. ಒಂದು ಕೀಲು ಜಿನುಗಿತು, ಸರಿಪಡಿಸಿದೆವು. ಆಮೇಲೆ ಚೆಂಡಿನ ಪರೀಕ್ಷೆ. ಪೈಪಿನ ಬಾಯಿಗಿಂತ ಅರ್ಧ ಇಂಚು ಚಿಕ್ಕದಾದ ನುಣುಪು ಚೆಂಡು ಬೇಕು. ದಸರಾ ವಸ್ತುಪ್ರದರ್ಶನದಲ್ಲಿ ಮಗಳಿಗೆ ಕೊಡಿಸಿದ್ದ ಪ್ಲಾಸ್ಟಿಕ್ ಚೆಂಡು ಸರಿಯಾಗಿ ಹೊಂದಿತು. ಹಿತ್ತಲಲ್ಲಿ ಬಿಟ್ಟ ಚೆಂಡು ಒಂದೊಂದೇ ಚೇಂಬರ್ ದಾಟಿ ಗೇಟಿನ ಬಳಿ ಬಂದಾಗ ಅವಳು ಚಪ್ಪಾಳೆ ತಟ್ಟಿದಳು.

ಚೇಂಬರ್‌ನ ತಳವನ್ನು ಸಪಾಟಾಗಿ ಬಿಟ್ಟರೆ ಮಲ ಅಲ್ಲೇ ಕೂರುತ್ತದೆ. ಅರ್ಧ ಪೈಪಿನ ಆಕಾರದಲ್ಲಿ ಕಾಲುವೆ ತೆಗೆದು, ಎರಡೂ ಬದಿಯ ಗಾರೆಯನ್ನು ಅದರ ಕಡೆಗೆ ಇಳಿಜಾರಾಗಿಸಿ ಸಿಮೆಂಟ್ ಹಾಲಿನಲ್ಲಿ ನುಣುಪು ಮಾಡಿಸಿದೆ. ಬಚ್ಚಲು ಮತ್ತು ಅಡುಗೆಮನೆಯ ನೀರು ಗಲ್ಲಿ ಟ್ರ್ಯಾಪ್ (ಸದಾ ಸ್ವಲ್ಪ ನೀರು ನಿಲ್ಲುವ ಬಾಗಿದ ಕೊಳವೆ) ದಾಟಿಯೇ ಚೇಂಬರ್‌ಗೆ ಬರುತ್ತದೆ. ಅದರೊಳಗೆ ನಿಲ್ಲುವ ಎರಡು ಇಂಚು ನೀರೇ ವಾಸನೆಯನ್ನೂ ಜಿರಳೆಯನ್ನೂ ತಡೆಯುವ ಬಾಗಿಲು.

ತಾರಸಿಯ ಮಳೆನೀರಿನ ಪೈಪನ್ನೂ ಹತ್ತಿರದ ಚೇಂಬರ್‌ಗೆ ಸೇರಿಸಿಬಿಡೋಣ ಎಂದು ಪ್ಲಂಬರ್ ಕೇಳಿದರು. ಕಡಾಖಂಡಿತವಾಗಿ ಬೇಡ ಎಂದೆ. ಒಳಚರಂಡಿಯ ಕೊಳವೆ ಮನೆಬಳಕೆಯ ನೀರಿನ ಲೆಕ್ಕಕ್ಕೆ ಹಾಕಿದ್ದು. ಬೀದಿಯ ಎಲ್ಲ ತಾರಸಿಗಳೂ ಅದಕ್ಕೇ ಸುರಿದರೆ ತಗ್ಗಿನ ಮನೆಯವರ ಬಚ್ಚಲಲ್ಲಿ ಉಕ್ಕುತ್ತದೆ. ಅಕ್ಕನ ಮನೆಯಲ್ಲಿ ಆದದ್ದೂ ಅದೇ. ನಮ್ಮ ಮಳೆನೀರು ಇಂಗುಗುಂಡಿಗೆ ಹೋಗುತ್ತದೆ.

ಮನೆಯ ನಕ್ಷೆ, ಕಂದಾಯದ ರಸೀದಿ ಲಗತ್ತಿಸಿ ಅರ್ಜಿ ಹಾಕಿ, ರಸ್ತೆ ಅಗೆತದ ಶುಲ್ಕ ಕಟ್ಟಿ, ಅನುಮತಿ ಸಿಕ್ಕಿದ ಮೇಲೆ ಸಂಪರ್ಕದ ದಿನ ಬಂತು. ಕುಡಿಯುವ ನೀರಿನ ಪೈಪು ಅಡ್ಡ ಸಿಕ್ಕಿತು. ಅದು ಮೇಲೆ, ನಮ್ಮದು ಕೆಳಗೆ ಇದ್ದುದರಿಂದ ತೊಂದರೆಯಾಗಲಿಲ್ಲ. ಮ್ಯಾನ್‌ಹೋಲ್‌ನ ಗೋಡೆ ತೂತು ಮಾಡಲು ಕೂಲಿಗೆ ಬಂದವರಲ್ಲಿ ಒಬ್ಬ ಹುಡುಗ ಅಂಗಿ ಬಿಚ್ಚಿ ಅದರೊಳಗೆ ಇಳಿಯಲು ಸಿದ್ಧನಾದ. "ಐದು ನಿಮಿಷದ ಕೆಲಸ ಸಾರ್" ಎಂದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಅಪಾಯಕಾರಿ ರೀತಿಯಲ್ಲಿ ಒಳಚರಂಡಿ ಸ್ವಚ್ಛ ಮಾಡಲು ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಅದು ಹಾಗಿರಲಿ, ಆ ಗುಂಡಿಯ ಗಾಳಿ ಮೊದಲ ಉಸಿರಿಗೇ ಎಚ್ಚರ ತಪ್ಪಿಸಬಲ್ಲದು. ನನ್ನ ಮನೆಯ ಪೈಪಿಗಾಗಿ ಯಾರ ಮಗನೂ ಅದರೊಳಗೆ ಇಳಿಯಬಾರದು. ಮ್ಯಾನ್‌ಹೋಲ್‌ನ ಪಕ್ಕದಲ್ಲೇ ಹೊರಗಿನಿಂದ ಗುಂಡಿ ಅಗೆದು, ಉಳಿಯಿಂದ ಇಟ್ಟಿಗೆ ಗೋಡೆಯನ್ನು ನಿಧಾನವಾಗಿ ಕೊರೆದೆವು. ಐದು ನಿಮಿಷದ ಬದಲು ಅರ್ಧ ದಿನ ಹಿಡಿಯಿತು. ಪೈಪನ್ನು ಒಳಗೋಡೆಗೆ ಸಮನಾಗಿ ನಿಲ್ಲಿಸಿ, ಸುತ್ತ ಗಟ್ಟಿ ಗಾರೆ ತುಂಬಿದೆವು.

ಮಾರನೆಯ ದಿನ ಹಿಂಬದಿಯ ಶೌಚಾಲಯಕ್ಕೆ ಬಟ್ಟೆಗೆ ಹಾಕುವ ನೀಲಿ ಕಲಸಿದ ಒಂದು ಬಕೆಟ್ ನೀರು ಸುರಿಯಲು ಹೆಂಡತಿಗೆ ಹೇಳಿ, ನಾನು ತೆರೆದ ಮ್ಯಾನ್‌ಹೋಲ್‌ನಿಂದ ಎರಡು ಹೆಜ್ಜೆ ದೂರ ನಿಂತು ಎಣಿಸಿದೆ. ಮೂವತ್ತೆಂಟಕ್ಕೆ ನೀಲಿ ನೀರು ಬಂತು. ಅಂದು ಸಂಜೆ ಪ್ರತಿ ಚೇಂಬರ್ ಕಾಂಪೌಂಡ್ ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಎಂದು ನಕ್ಷೆ ಬರೆದು, ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದೆ.