ಸತ್ತ ಕೋಶವನ್ನು ಸ್ಲೈಡಿನಲ್ಲಿ ಓದುವ ಕ್ರಮ

ಹೃದಯದ ಒಂದು ರಕ್ತನಾಳ ಪೂರ್ತಿ ಮುಚ್ಚಿಕೊಂಡರೆ ಅದು ಉಣಿಸುತ್ತಿದ್ದ ಸ್ನಾಯು ಒಂದೆರಡು ನಿಮಿಷದಲ್ಲೇ ಸಂಕುಚಿಸುವುದನ್ನು ನಿಲ್ಲಿಸುತ್ತದೆ. 20ರಿಂದ 40 ನಿಮಿಷದೊಳಗೆ ರಕ್ತ ಮರಳದಿದ್ದರೆ ಕೋಶಗಳು ಸಾಯತೊಡಗುತ್ತವೆ. ಅದೇ ಸ್ನಾಯುವಿಗೆ ನೀಲಿ ಹೆಮಟಾಕ್ಸಿಲಿನ್, ಗುಲಾಬಿ ಇಯೋಸಿನ್ ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟರೆ ಸಾವಿನ ಗುರುತು ಕಾಣಲು 4ರಿಂದ 12 ಗಂಟೆ ಬೇಕು. ರೋಗಶಾಸ್ತ್ರ ಕಲಿಯುವವರು ಹೆಚ್ಚಾಗಿ ಎಡವುವುದು ಈ ಅಂತರದಲ್ಲೇ. ಸ್ಲೈಡಿನಲ್ಲಿ ಕಾಣುವುದೆಲ್ಲ ಕೋಶ ಸತ್ತ ನಂತರ ನಡೆದ ಕೆಲಸ: ಕಿಣ್ವಗಳು ಅದನ್ನು ಕರಗಿಸಿದ್ದು, ಪ್ರೋಟೀನುಗಳು ಕೆಟ್ಟು ಗಟ್ಟಿಯಾದದ್ದು. ಅದಕ್ಕೆ ಸಮಯ ಹಿಡಿಯುತ್ತದೆ. ಬದುಕಿರುವ ಅಂಗದಿಂದ ತೆಗೆದು, ಕೆಡದಂತೆ ತಕ್ಷಣ ಫಾರ್ಮಾಲಿನ್‌ಗೆ ಹಾಕಿದ ಬಯಾಪ್ಸಿಯ ಪ್ರತಿ ಕೋಶವೂ ಸತ್ತಿದೆ, ಆದರೆ ಅದರಲ್ಲಿ ನೆಕ್ರೋಸಿಸ್, ಅಂದರೆ ಬದುಕಿರುವ ದೇಹದೊಳಗೆ ಸತ್ತ ಕೋಶಗಳಲ್ಲಿ ಆಗುವ ಈ ಬದಲಾವಣೆ, ಇಲ್ಲ. ಈ ಮಾತು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಸುಲಭ.

ಎದೆನೋವು ಬಂದ ಒಂದು ಗಂಟೆಯೊಳಗೆ ತೀರಿಕೊಂಡವರ ಹೃದಯದ ಸ್ಲೈಡ್ ಸರಿಯಾಗಿಯೇ ಕಂಡರೆ ಹೃದಯಾಘಾತ ಆಗಿಲ್ಲ ಎಂದು ಬರೆಯಬಾರದು. 2-3 ಗಂಟೆ ದಾಟಿದ್ದರೆ ಟ್ರೈಫಿನೈಲ್ ಟೆಟ್ರಜೋಲಿಯಂ ಕ್ಲೋರೈಡ್ ಎಂಬ ಬಣ್ಣ ತೋರಿಸುವ ರಾಸಾಯನಿಕ ನೆರವಿಗೆ ಬರುತ್ತದೆ. ಫಾರ್ಮಾಲಿನ್‌ಗೆ ಹಾಕದ ಹಸಿ ಹೃದಯವನ್ನು ಸುಮಾರು 1 ಸೆಂ.ಮೀ. ದಪ್ಪದ ಹೋಳು ಮಾಡಿ, 1% ದ್ರಾವಣದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 15-20 ನಿಮಿಷ ಮುಳುಗಿಸಿ. ಡಿಹೈಡ್ರೋಜಿನೇಸ್ ಕಿಣ್ವಗಳು ಉಳಿದಿರುವ ಸ್ನಾಯು ಇಟ್ಟಿಗೆಗೆಂಪಾಗುತ್ತದೆ. ಪೊರೆ ಹರಿದು ಕಿಣ್ವ ಸೋರಿಹೋದ ಜಾಗ ಪೇಲವವಾಗಿ ಉಳಿಯುತ್ತದೆ, ಹಳೆಯ ಗಾಯದ ಕಲೆ ಬೆಳ್ಳಗೆ ಹೊಳೆಯುತ್ತದೆ. ಆ ಸೋರಿಕೆಯೇ ರಕ್ತದಲ್ಲಿ ಹೃದಯಸ್ನಾಯುವಿನ ಪ್ರೋಟೀನಾದ ಟ್ರೋಪೋನಿನ್ ಏರಲೂ ಕಾರಣ.

ಸ್ಲೈಡ್ ನೋಡುವ ಮೊದಲು ಅಂಗಾಂಶವನ್ನು ಹೇಗೆ ಕಾಪಾಡಿದ್ದಾರೆಂದು ವಿಚಾರಿಸಿ. ಒಂದು ಲೀಟರ್ ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್‌ಗೆ 40% ಫಾರ್ಮಾಲ್ಡಿಹೈಡ್ ದ್ರಾವಣ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಬಿಟ್ಟರೆ ದ್ರಾವಣ ಹುಳಿಯಾಗಿ, ರಕ್ತ ಹೆಚ್ಚಿರುವ ಕಡೆ ಕಂದುಕಪ್ಪು ಕಣಗಳು ಕೂರುತ್ತವೆ. ತುಣುಕಿನ ಗಾತ್ರದ 10ರಿಂದ 20 ಪಟ್ಟು ದ್ರಾವಣ ಇರಲಿ, ತುಣುಕು 3-5 ಮಿ.ಮೀ. ದಪ್ಪ ಮೀರದಿರಲಿ. ಫಾರ್ಮಾಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ. ಗುಲ್ಮವನ್ನೋ ಯಕೃತ್ತನ್ನೋ ಸೀಳದೆ ಇಡಿಯಾಗಿ ಮುಳುಗಿಸಿದರೆ ಅಂಚು ಚೆನ್ನಾಗಿದ್ದು ನಡುಭಾಗ ಕೊಳೆತಿರುತ್ತದೆ, ಮತ್ತು ಆ ಕೊಳೆತವನ್ನು ಯಾರೋ ನೆಕ್ರೋಸಿಸ್ ಎಂದು ಬರೆದುಬಿಡುತ್ತಾರೆ.

ಹಾಗಾದರೆ ಸ್ವಯಂಲಯನ, ಅಂದರೆ ಆಟೋಲಿಸಿಸ್, ಮತ್ತು ನೆಕ್ರೋಸಿಸ್ ನಡುವೆ ವ್ಯತ್ಯಾಸ ತಿಳಿಯುವುದು ಹೇಗೆ? 4ಎಕ್ಸ್ ಲೆನ್ಸಿನಲ್ಲೇ ಶುರುಮಾಡಿ. ನೆಕ್ರೋಸಿಸ್‌ಗೆ ಗಡಿ ಇರುತ್ತದೆ: ಇಲ್ಲಿ ಬದುಕಿದ ಅಂಗಾಂಶ, ಅಲ್ಲಿ ಸತ್ತದ್ದು, ನಡುವೆ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಸಾಲು ಅಥವಾ ರಕ್ತ ತುಂಬಿದ ನಾಳಗಳು. ಆಟೋಲಿಸಿಸ್‌ನಲ್ಲಿ ಗಡಿಯಿಲ್ಲ, ಉರಿಯೂತದ ಕೋಶಗಳಿಲ್ಲ. ಎಪಿಥೀಲಿಯಂ ಎಂಬ ಹೊದಿಕೆಯ ಕೋಶಪದರ, ನಾಳದ ಒಳಪದರ, ಕೆಂಪು ರಕ್ತಕಣ ಎಲ್ಲವೂ ಒಟ್ಟಿಗೇ ಮಸುಕಾಗಿರುತ್ತವೆ. ಎಚ್ಚರ ಒಂದಿದೆ: ಇನ್‌ಫಾರ್ಕ್ಟ್ (ರಕ್ತ ನಿಂತು ಅಂಗಾಂಶ ಸಾಯುವುದು) ಆದ ಮೊದಲ ಕೆಲವು ಗಂಟೆ ನ್ಯೂಟ್ರೋಫಿಲ್ ಇನ್ನೂ ಬಂದಿರುವುದಿಲ್ಲ. ಆಗ ಉರಿಯೂತ ಕಾಣಲಿಲ್ಲವೆಂದು ನೆಕ್ರೋಸಿಸ್ ಅನ್ನು ತಳ್ಳಿಹಾಕುವಂತಿಲ್ಲ.

ಈಗ 40ಎಕ್ಸ್‌ಗೆ ಬನ್ನಿ, ಮೊದಲು ಕೋಶಕೇಂದ್ರ ನೋಡಿ. ಮುದುಡಿ ಕಡುನೀಲಿ ಚುಕ್ಕೆಯಾಗಿದ್ದರೆ ಪಿಕ್ನೋಸಿಸ್. ಚೂರುಚೂರಾಗಿದ್ದರೆ ಕ್ಯಾರಿಯೋರೆಕ್ಸಿಸ್. ಬಣ್ಣ ಕಳೆದು ನೆರಳಿನಂತಾಗಿದ್ದರೆ ಕ್ಯಾರಿಯೋಲಿಸಿಸ್, ಡಿಎನ್‌ಎಯನ್ನು ಕಿಣ್ವಗಳು ಕರಗಿಸಿದ್ದರ ಫಲ. ಒಂದೆರಡು ದಿನದಲ್ಲಿ ಸತ್ತ ಕೋಶದ ಕೇಂದ್ರ ಪೂರ್ತಿ ಮಾಯವಾಗುತ್ತದೆ. ಆದರೆ ಕೇಂದ್ರ ಕಾಣದ ಕೋಶವೆಲ್ಲ ಸತ್ತದ್ದಲ್ಲ. 3-5 ಮೈಕ್ರೋಮೀಟರ್ ದಪ್ಪದ ಸೆಕ್ಷನ್ ಉದ್ದನೆಯ ಸ್ನಾಯುನಾರಿನ ಕೇಂದ್ರವನ್ನು ತಪ್ಪಿಸಿಕೊಂಡು ಹೋಗಿರಬಹುದು. ಅಕ್ಕಪಕ್ಕದ ಹತ್ತಾರು ನಾರುಗಳನ್ನು ನೋಡಿ ನಿರ್ಧರಿಸಿ.

ನಂತರ ಕೋಶರಸ. ಸತ್ತ ಕೋಶ ಗಾಢ ಗುಲಾಬಿಯಾಗುವುದಕ್ಕೆ ಎರಡು ಕಾರಣ: ನೀಲಿ ಬಣ್ಣ ಹಿಡಿಯುತ್ತಿದ್ದ ಆರ್‌ಎನ್‌ಎ ಹೋಗಿದೆ, ಕೆಟ್ಟ ಪ್ರೋಟೀನು ಇಯೋಸಿನ್ನನ್ನು ಹೆಚ್ಚು ಹಿಡಿಯುತ್ತಿದೆ. ಕೋಶ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಬರಿದಾದ್ದರಿಂದ ಗಾಜಿನಂಥ ನುಣುಪು ಬರುತ್ತದೆ.

ಇನ್ನೂ ಚೇತರಿಸಿಕೊಳ್ಳಬಲ್ಲ ಕೋಶ ಬೇರೆಯೇ ರೀತಿ ಕಾಣುತ್ತದೆ. ಕೋಶದ ಇಂಧನವಾದ ಎಟಿಪಿ ಕಡಿಮೆಯಾದಾಗ ಸೋಡಿಯಂ-ಪೊಟ್ಯಾಸಿಯಂ ಪಂಪ್ ಸೋಲುತ್ತದೆ, ಸೋಡಿಯಂ ಒಳಗೆ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗಿ ಕೋಶ ಊದಿಕೊಳ್ಳುತ್ತದೆ. ಕೋಶರಸ ಪೇಲವ, ಕೇಂದ್ರ ಮಾತ್ರ ಚೊಕ್ಕ. ಯಕೃತ್ತಿನಲ್ಲಿ ಕೊಬ್ಬಿನ ಗುಳ್ಳೆಗಳೂ ಕಾಣಬಹುದು. ಮದ್ಯಪಾನ, ಬೊಜ್ಜು, ಮಧುಮೇಹ ಇದರ ಸಾಮಾನ್ಯ ಹಿನ್ನೆಲೆ. ತುಣುಕನ್ನು ಪ್ಯಾರಾಫಿನ್ ಮೇಣದಲ್ಲಿ ಕೂರಿಸುವಾಗ ಬಳಸುವ ಆಲ್ಕೊಹಾಲ್, ಕ್ಸೈಲೀನ್ ಕೊಬ್ಬನ್ನು ತೊಳೆದುಬಿಡುವುದರಿಂದ ಖಾಲಿ ಗುಳ್ಳೆಗಳಷ್ಟೇ ಉಳಿಯುತ್ತವೆ. ಖಚಿತಪಡಿಸಿಕೊಳ್ಳಲು ತುಣುಕನ್ನು ಹೆಪ್ಪುಗಟ್ಟಿಸಿ ಕತ್ತರಿಸಿ (ಫ್ರೋಜನ್ ಸೆಕ್ಷನ್), ಕೊಬ್ಬಿಗೆ ಹತ್ತುವ ಬಣ್ಣವಾದ ಆಯಿಲ್ ರೆಡ್ ಓ ಹಾಕಬೇಕು. ಒಮ್ಮೆ ಪ್ಯಾರಾಫಿನ್‌ಗೆ ಹೋದ ತುಣುಕಿನಲ್ಲಿ ಆ ಬಣ್ಣ ಹಾಕಿ ಪ್ರಯೋಜನವಿಲ್ಲ.

ಚೇತರಿಕೆಯ ಗಡಿ ಎಲ್ಲಿ? ಮೈಟೋಕಾಂಡ್ರಿಯಾ ಮತ್ತೆ ದುಡಿಯದಷ್ಟು ಕೆಟ್ಟಾಗ ಮತ್ತು ಪೊರೆ ಹರಿದಾಗ. ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಪೊರೆ ಬಿಟ್ಟುಕೊಟ್ಟ ಕ್ಷಣ ಅದು ಒಳಗೆ ಹರಿದು ಕೋಶವನ್ನೇ ಕರಗಿಸುವ ಕಿಣ್ವಗಳಾದ ಫಾಸ್ಫೋಲಿಪೇಸ್, ಪ್ರೋಟಿಯೇಸ್, ಎಂಡೋನ್ಯೂಕ್ಲಿಯೇಸ್‌ಗಳನ್ನು ಎಬ್ಬಿಸುತ್ತದೆ. ರಕ್ತ ಮರಳಿಸಿದ ಹೃದಯದಲ್ಲಿ ಸತ್ತ ನಾರುಗಳಿಗೆ ಅಡ್ಡಡ್ಡ ಗುಲಾಬಿ ಪಟ್ಟಿಗಳು ಬರುವುದೂ ಈ ಕ್ಯಾಲ್ಸಿಯಂ ನುಗ್ಗಿದ್ದರಿಂದಲೇ.

ಕೋಶ ಸತ್ತಿದೆ ಎಂದು ಖಾತ್ರಿಯಾದ ಮೇಲೆ ಬಗೆ ಗುರುತಿಸಿ. ಹೃದಯ, ಮೂತ್ರಪಿಂಡ, ಗುಲ್ಮಗಳಲ್ಲಿ ರಕ್ತ ನಿಂತರೆ ಕೋಯಾಗುಲೇಟಿವ್: ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿ, ಕೋಶಗಳ ಆಕಾರ ಕೆಲವು ದಿನ ಹಾಗೇ ನಿಂತಿರುತ್ತದೆ. ರಕ್ತ ನಿಂತಾಗ ಮಿದುಳು ಮಾತ್ರ ಕರಗಿ ನೀರಾಗುತ್ತದೆ. ಕೀವುಗಂಟಿನಲ್ಲೂ ಅಂಗಾಂಶ ಹೀಗೆಯೇ ಕರಗುತ್ತದೆ. ಕ್ಷಯದ ಕೇಸಿಯೇಶನ್ ಬರಿಗಣ್ಣಿಗೆ ಒಡೆದ ಹಾಲಿನ ಗಷ್ಟಿನಂತೆ, ಸ್ಲೈಡಿನಲ್ಲಿ ಆಕಾರವೇ ಇಲ್ಲದ ಗುಲಾಬಿ ಪುಡಿಯಂತೆ, ಸುತ್ತ ಎಪಿಥೀಲಿಯಾಯ್ಡ್ ಕೋಶಗಳು, ಅಂದರೆ ರೂಪ ಬದಲಿಸಿದ ಮ್ಯಾಕ್ರೋಫೇಜ್ ಎಂಬ ನುಂಗುಕೋಶಗಳು. ಮೇದೋಜೀರಕದ ತೀವ್ರ ಉರಿಯೂತದಲ್ಲಿ ಲೈಪೇಸ್ ಬಿಡಿಸಿದ ಕೊಬ್ಬಿನಾಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಬಿಳಿ ಕಲೆಗಳಾಗುತ್ತವೆ.

ಕೋಶ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಳ್ಳುವ ಇನ್ನೊಂದು ಬಗೆಯ ಸಾವಿಗೆ ಅಪಾಪ್ಟೋಸಿಸ್ ಎಂಬ ಹೆಸರನ್ನು 1972ರಲ್ಲಿ ಕೆರ್, ವೈಲೀ, ಕರಿ ಕೊಟ್ಟರು. ಇಲ್ಲಿ ಸಾಯುವುದು ಗುಂಪಲ್ಲ, ಒಂಟಿ ಕೋಶ. ಅದು ಊದುವುದಿಲ್ಲ, ಕುಗ್ಗುತ್ತದೆ. ಪೊರೆ ಹರಿಯದೆ ತುಣುಕುಗಳಾಗುತ್ತದೆ, ಸುತ್ತ ಖಾಲಿ ವರ್ತುಲ ಕಾಣುತ್ತದೆ. ಒಳಗಿನದು ಸೋರದೆ ಮ್ಯಾಕ್ರೋಫೇಜ್‌ಗಳು ಬೇಗ ನುಂಗಿಬಿಡುವುದರಿಂದ ಉರಿಯೂತ ಇರುವುದಿಲ್ಲ. ದುಗ್ಧಗ್ರಂಥಿಯೊಳಗೆ ಬಿಳಿ ರಕ್ತಕಣಗಳು ಹೆಚ್ಚುವ ಜಾಗವಾದ ಜರ್ಮಿನಲ್ ಸೆಂಟರ್‌ನಲ್ಲಿ ಇಂಥ ತುಣುಕು ತುಂಬಿದ ಮ್ಯಾಕ್ರೋಫೇಜ್‌ಗಳು ಸಿಗುತ್ತವೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ವೈರಲ್ ಹೆಪಟೈಟಿಸ್‌ನ ಯಕೃತ್ತಿನಲ್ಲಿ ಕಾಣುವ ಗುಂಡನೆಯ ಕಡುಗುಲಾಬಿ ಕಾಯಗಳೂ ಇವೇ. ಅನುಮಾನವಿದ್ದರೆ ಈ ಸಾವನ್ನು ನಡೆಸುವ ಕಿಣ್ವವಾದ ಸಕ್ರಿಯ ಕ್ಯಾಸ್ಪೇಸ್-3 ಅನ್ನು ತೋರಿಸುವ ಇಮ್ಯುನೊ ಬಣ್ಣ ಕೇಳಿ. ಟನೆಲ್ ಪರೀಕ್ಷೆಯೊಂದನ್ನೇ ನಂಬಬೇಡಿ, ಡಿಎನ್‌ಎ ತುಂಡಾದದ್ದೆಲ್ಲ ಅದರಲ್ಲಿ ಹೊಳೆಯುವುದರಿಂದ ನೆಕ್ರೋಸಿಸ್ ಕೂಡ ಪಾಸಿಟಿವ್ ಬರುತ್ತದೆ.

ವರದಿಯಲ್ಲಿ ನೆಕ್ರೋಸಿಸ್ ಇದೆ ಎಂದಷ್ಟೇ ಬರೆದು ನಿಲ್ಲಿಸಬೇಡಿ, ಅದರ ವಯಸ್ಸನ್ನೂ ಬರೆಯಿರಿ. ಹೃದಯದಲ್ಲಿ ನ್ಯೂಟ್ರೋಫಿಲ್ ತುಂಬಿದ್ದರೆ 1ರಿಂದ 3 ದಿನ, ಮ್ಯಾಕ್ರೋಫೇಜ್ ಅಂಚಿನಿಂದ ಸತ್ತ ನಾರು ತಿನ್ನುತ್ತಿದ್ದರೆ 3ರಿಂದ 7 ದಿನ, ಹೊಸ ರಕ್ತನಾಳಗಳ ಮೃದು ಅಂಗಾಂಶ ಬೆಳೆಯುತ್ತಿದ್ದರೆ 7ರಿಂದ 10 ದಿನ, ಕೋಶಗಳು ವಿರಳವಾಗಿ ಬರೀ ಕೊಲಾಜನ್ ಉಳಿದಿದ್ದರೆ ಎರಡು ತಿಂಗಳು ದಾಟಿದೆ. ಹೃದಯದ ಗೋಡೆ ಒಡೆಯುವ ಅಪಾಯ ಹೆಚ್ಚು ಇರುವುದು ಮೂರನೇ ದಿನದಿಂದ ಏಳನೇ ದಿನದವರೆಗೆ, ಸತ್ತ ನಾರು ತೆರವಾಗಿ ಕೊಲಾಜನ್ ಇನ್ನೂ ಬಾರದ ಹೊತ್ತಿನಲ್ಲಿ.